ಕರಟ ಹುಡುಕಿದ ನೆಲ

"ರೀ...! ನಿಲ್ಲಿ! ನೀರಿಗೆ ಬಿಡ್ಬೇಡಿ ಅದನ್ನ!"

ಕೆರೆ ಏರಿಯ ಮೇಲಿಂದ ಬಂದ ಕೂಗಿಗೆ ಹೇಮಂತನ ಕೈಯಲ್ಲಿದ್ದ ಬಕೆಟ್ಟು ಅಲುಗಿ, ಅರ್ಧ ನೀರು ಅವನ ಪ್ಯಾಂಟಿನ ಮೇಲೆಯೇ ಚೆಲ್ಲಿತು.

ತಿರುಗಿ ನೋಡಿದ. ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಹುಡುಗಿಯೊಬ್ಬಳು ಇಳಿಜಾರಿನಲ್ಲಿ ಎದ್ದೂ ಬಿದ್ದೂ ಓಡಿ ಬರುತ್ತಿದ್ದಳು. ಒಂದು ಚಪ್ಪಲಿ ಹಿಂದೆ ಮುಳ್ಳಿನ ಗಿಡಕ್ಕೆ ಸಿಕ್ಕಿಕೊಂಡಿತ್ತು. ಅದರ ಕಡೆ ಅವಳಿಗೆ ಗಮನವೇ ಇರಲಿಲ್ಲ.

"ಬಕೆಟ್ನಲ್ಲಿ ಏನ್ರೀ ಇರೋದು?"

"ಆಮೆ ಮೇಡಂ... ಎರಡು."

ಅವಳು ಬಗ್ಗಿ ನೋಡಿದಳು. ತಟ್ಟೆಯಷ್ಟು ಅಗಲದ ಎರಡು ಚಿಪ್ಪು. ಎರಡರ ತಲೆಯ ಪಕ್ಕದಲ್ಲೂ ಕುಂಕುಮ ಎಳೆದ ಹಾಗೆ ಕೆಂಪು ಪಟ್ಟಿ.

"ಅಂದ್ಕೊಂಡೆ... ಕೆಂಪು ಕಿವಿ ಆಮೆ. ಇವು ನಮ್ಮ ದೇಶದ್ದಲ್ಲ ಕಣ್ರೀ!"

"ಪಾಪ, ಗಾಜಿನ ಪೆಟ್ಟಿಗೇಲಿ ಕೊಳೀತಿದ್ವು. ಆರಾಮಾಗಿ ಇರ್ಲಿ ಅಂತ ತಂದೆ..."

"ಇವು ಆರಾಮಾಗಿರ್ತವೆ. ಈ ಕೆರೆಯ ಆಮೆಗಳು ಎಲ್ಲಿಗೆ ಹೋಗ್ಬೇಕು? ಇವು ಸಿಕ್ಕಿದ್ದೆಲ್ಲ ತಿಂತವೆ. ಬಿಸಿಲು ಕಾಯೋ ಕಲ್ಲನ್ನೂ ಬಿಡಲ್ಲ."

ಹೇಮಂತ ತಲೆ ಕೆರೆದುಕೊಂಡ. "ಅಕ್ಕ ಅಶ್ವಿನಿಗೆ ಮಗು ಆಗಿದೆ. ಕೂಸಿರೋ ಮನೇಲಿ ಆಮೆ ಬೇಡ ಅಂತ ಡಾಕ್ಟ್ರು ಅಂದ್ರಂತೆ. ಕೆರೆಗೆ ಬಿಟ್ಬಿಡೋ ಅಂದ್ಲು. ಆಯ್ತು ಅಂದೆ."

"ನೀವು ಸಾಕಿ."

"ನಾನಾ?"

"ನೀವೇ. ಮನೆ ಹತ್ರ ಜಾಗ ಇಲ್ವಾ? ಒಂದು ಕೊಳ ಮಾಡಿ. ಹೇಗೆ ಅಂತ ನಾನು ಹೇಳ್ಕೊಡ್ತೀನಿ. ಯಾವತ್ತೂ ಕೆರೆಗೆ ಬಿಡಲ್ಲ ಅಂತ ಮಾತು ಕೊಡಿ."

ಅವನು ಬಕೆಟ್ ನೋಡಿದ. ಕೆರೆ ನೋಡಿದ. ಕೊನೆಗೆ ಅವಳ ಬರಿಗಾಲು ನೋಡಿದ. ಸದ್ದಿಲ್ಲದೆ ಏರಿ ಹತ್ತಿ, ಮುಳ್ಳಿನಿಂದ ಚಪ್ಪಲಿ ಬಿಡಿಸಿ ತಂದು ಅವಳ ಮುಂದಿಟ್ಟ.

"ಆಯ್ತು ಮೇಡಂ," ಅಂದ.

ಆ ಒಂದು 'ಆಯ್ತು' ಮುಂದೆ ತನ್ನ ನೆಮ್ಮದಿ ಕೆಡಿಸುತ್ತದೆ ಎಂದು ನಯನಾಗೆ ಆಗ ಹೇಗೆ ತಿಳಿಯಬೇಕು...!

ನಯನ ಕಡೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಅಪ್ಪ ಕೆಂಚಪ್ಪನಿಗೆ ದೇವನೂರಿನ ಹತ್ತಿರ ತೆಂಗಿನ ತೋಟ. ರಜೆ ದಿನ ಅವಳು ಕೆರೆಗಳಿಗೆ ಹೋಗಿ ಹಕ್ಕಿ ಎಣಿಸುತ್ತಿದ್ದಳು. ಹಾಗೆ ಯಗಟಿಯ ಕೆರೆಗೆ ಬಂದಿದ್ದಾಗಲೇ ಈ ಭೇಟಿ. ಹೇಮಂತನಿಗೆ ಯಗಟಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಮನೆ ಊರಾಚೆ. ಮನೆ ಹಿಂದೆ ಕುರಿಹಟ್ಟಿ, ಒಂದಿಷ್ಟು ತೆಂಗಿನ ಮರ. ಜೊತೆಗೆ ತಾಯಿ ಕರಿಯಮ್ಮ.

ಮುಂದಿನ ಭಾನುವಾರವೇ ನಯನ ಅಲ್ಲಿಗೆ ಹೋದಳು. ಜಾಗ ನೋಡಲು, ಅಷ್ಟೇ. ಹಾಗಂತ ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

"ಇಲ್ಲಿ ಅಗೀರಿ. ಬೆಳಗಿನ ಬಿಸಿಲು ಬೀಳ್ಬೇಕು, ಮಧ್ಯಾಹ್ನಕ್ಕೆ ತೆಂಗಿನ ನೆರಳು ಬರ್ಬೇಕು. ಒಂದು ಕಡೆ ಮೊಣಕಾಲಷ್ಟು ಆಳ, ಇನ್ನೊಂದು ಕಡೆ ಸೊಂಟದಷ್ಟು. ನಡುವೆ ಇಳಿಜಾರು ಇರ್ಲಿ, ಕಾಲೂರಿ ಹತ್ತೋ ಹಾಗೆ. ನೀರಿಂದ ಮೇಲೆ ಒಂದು ಚಪ್ಪಡಿ ಕಲ್ಲು."

"ಆಯ್ತು ಮೇಡಂ."

"ಸುತ್ತ ಜಾಲರಿ. ಅದರ ಮೇಲಂಚು ಒಳಕ್ಕೆ ಬಾಗಿರ್ಬೇಕು. ಇವು ಹತ್ತೋದ್ರಲ್ಲಿ ನಿಸ್ಸೀಮರು."

"ಆಯ್ತು."

ಕರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡುತ್ತಿದ್ದರು. "ಎರಡು ಆಮೆಗೆ ಇಷ್ಟು ದೊಡ್ಡ ತೊಟ್ಟಿನಾ? ಇದ್ರಾಗೆ ನಮ್ಮ ಕುರಿಯೆಲ್ಲ ನೀರು ಕುಡ್ದು ಮಿಗ್ತದಲ್ಲೋ!"

"ತೊಟ್ಟಿ ಅಲ್ಲ ಅಮ್ಮ, ಕೊಳ," ಎಂದು ನಯನ ನಕ್ಕಳು.

"ಯಾವ್ದೋ ಒಂದು. ನೀರು ನಿಂತ್ರೆ ನಮಗೆ ತೊಟ್ಟಿನೇ ಕಣವ್ವ."

ಸಿಮೆಂಟು ಒಣಗಿದ ಮೇಲೆ ನಯನ ನೀರು ತುಂಬಿಸಿದಳು, ಕೆಲವು ದಿನ ಬಿಟ್ಟು ಖಾಲಿ ಮಾಡಿಸಿದಳು. ಮತ್ತೆ ತುಂಬಿಸಿದಳು, ಮತ್ತೆ ಖಾಲಿ. ಕರಿಯಮ್ಮ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಹೇಮಂತ ಮಾತ್ರ ಕೇಳಿದ, "ಯಾಕೆ ಮೇಡಂ ಹಿಂಗೆ?"

"ಹೊಸ ಸಿಮೆಂಟು ಸುಣ್ಣ ಬಿಡುತ್ತೆ. ನೀರು ಕ್ಷಾರ ಆಗುತ್ತೆ. ಆಮೆ ಕಣ್ಣು ಸುಟ್ಟು ಊದ್ಕೊಂಡ್ಬಿಡುತ್ತೆ. ನೋಡಿ..." ಅವಳು ಚೀಲದಿಂದ ಒಂದು ಕಾಗದದ ಪಟ್ಟಿ ತೆಗೆದು ನೀರಿಗೆ ಅದ್ದಿದಳು. ಪಟ್ಟಿ ಕಡುನೀಲಿಯಾಯಿತು. "ಇದು ತಿಳಿ ಹಸಿರಿಗೆ ಬರೋವರ್ಗೂ ಕಾಯ್ಬೇಕು."

ಅವನು ಕಾದ. ಒಂದು ಡ್ರಮ್ಮಿಗೆ ಜಲ್ಲಿ, ಸ್ಪಂಜು ತುಂಬಿ ನೀರು ಸೋಸುವ ಯಂತ್ರ ಮಾಡಿದ. ಅಂಗಡಿಯಲ್ಲಿ ಮೂಲೆ ಸೇರಿದ್ದ ಸಣ್ಣ ಮೋಟಾರಿಗೆ ಹೊಸ ತಂತಿ ಸುತ್ತಿ ಜೋಡಿಸಿದ. ಕೊಳದ ಹೊಲಸು ನೀರು ತೆಂಗಿನ ಪಾತಿಗೆ ಹರಿಯುವಂತೆ ಪೈಪು ಹಾಕಿದ. ಕೊನೆಗೆ ಒಂದು ಬೆಳಿಗ್ಗೆ ಆಮೆಗಳನ್ನು ಬಿಟ್ಟರು.

ನಾಣ್ಯದಷ್ಟಿದ್ದಾಗ ಅಕ್ಕ ಇಟ್ಟ ಹೆಸರು: ಒಂದು ಬಿಲ್ಲೆ, ಇನ್ನೊಂದು ಕರಟ. ಬಿಲ್ಲೆ ಅಂಜುಬುರುಕ. ಕರಟ ದೊಡ್ಡದು, ಕಪ್ಪು ಚಿಪ್ಪಿನದು, ಧೈರ್ಯದ್ದು. ಅದು ನೀರಲ್ಲಿ ಒಂದು ಸುತ್ತು ಹಾಕಿ, ನೇರ ಚಪ್ಪಡಿ ಹತ್ತಿ, ಹಿಂಗಾಲು ಚಾಚಿ ಬಿಸಿಲಿಗೆ ಮಲಗಿಬಿಟ್ಟಿತು.

ನಯನಾಗೆ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಹೇಮಂತ ಆಮೆಯನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ...

ಆಮೇಲೆ ಪ್ರತಿ ಭಾನುವಾರ ಕಡೂರಿನಿಂದ ಯಗಟಿಯ ಬಸ್ಸು. ಪ್ರತಿ ಭಾನುವಾರ ನೀರಿನ ಪರೀಕ್ಷೆ. ಪ್ರತಿ ಭಾನುವಾರ ಕರಿಯಮ್ಮನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಬಸ್ ನಿಲ್ದಾಣದ ಪಕ್ಕ ಕಿರಾಣಿ ಅಂಗಡಿ ಇಟ್ಟಿದ್ದ ಗುರುಶಾಂತಮ್ಮ, "ಆಮೆ ಹೆಂಗವ್ವ ಐತೆ?" ಎಂದು ಕೇಳಿ, ಉತ್ತರಕ್ಕೆ ಮೊದಲೇ ನಗುವುದು.

ಪ್ರೀತಿ ಬಂದಿತ್ತು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಿರಲಿಲ್ಲ.

ಹೇಳಲು ನಯನಾಗೆ ಭಯ. ಆ ಭಯದ ಹೆಸರೇ 'ಆಯ್ತು'.

ಹೇಮಂತ ಯಾರಿಗೂ ಇಲ್ಲ ಎಂದವನಲ್ಲ. ಮೋಟಾರು ಸುಟ್ಟುಕೊಂಡು ಬಂದವರು ನಾಳೆಯೇ ಬೇಕು ಅಂದರೆ ಆಯ್ತು. ಅಮ್ಮ ಕುರಿ ಮೇಯಿಸಿಕೊಂಡು ಬಾ ಅಂದರೆ ಆಯ್ತು. ಅಕ್ಕ ಆಮೆಯನ್ನು ಕೆರೆಗೆ ಬಿಡು ಅಂದಾಗ ಆಯ್ತು. ತಾನು ಬಿಡಬೇಡ ಅಂದಾಗಲೂ... ಆಯ್ತು!

'ಇವನಿಗೆ ಆಮೆ ಬೇಕಾ, ಇಲ್ಲ ನನ್ನ ಮಾತು ಮೀರಲಾರದೆ ಸಾಕ್ತಿದ್ದಾನಾ? ನಾಳೆ ಇನ್ಯಾರೋ ಬಿಡು ಅಂದ್ರೆ ನನ್ನನ್ನೂ ಹೀಗೇ ಆಯ್ತು ಅಂತ ಬಿಟ್ಬಿಡ್ತಾನಾ?'

ಆ ಪ್ರಶ್ನೆಯನ್ನು ಕೇಳುವ ಮೊದಲೇ ಕರಿಯಮ್ಮ ಒಂದು ಕೆಲಸ ಮಾಡಿಬಿಟ್ಟರು. ಹೊಸ ಸೀರೆ ಉಟ್ಟು, ದೇವನೂರಿನ ಬಸ್ಸು ಹತ್ತಿ, ಕೆಂಚಪ್ಪನ ಜಗುಲಿಯಲ್ಲಿ ಕೂತು ನೇರ ಕೇಳಿದರು: "ನಿಮ್ಮ ಹುಡುಗಿನ ನಮ್ಮ ಹೇಮಂತಂಗೆ ಕೊಡ್ತೀರಾ?"

ಕೆಂಚಪ್ಪ ಯೋಚಿಸಿ ಹೇಳಿದರು, "ಯುಗಾದಿಗೆ ಮುಂಚಿನ ಭಾನುವಾರ ಬತ್ತೀವಿ. ಮನೆ ನೋಡ್ಕಂಡು ಮಾತಾಡಾಣ."

ಮದುವೆಯ ಮಾತು ಹೀಗೆ ದೊಡ್ಡವರ ಬಾಯಲ್ಲಿ ಬಂತು. ಇವರಿಬ್ಬರ ಬಾಯಲ್ಲಿ ಮಾತ್ರ ಬರಲೇ ಇಲ್ಲ.

ಆ ಭಾನುವಾರಕ್ಕೆ ಮುಂಚಿನ ವಾರವೇ ಇನ್ನೊಂದು ಆತಂಕ ಶುರುವಾಯಿತು. ಕರಟ ಊಟ ಬಿಟ್ಟಿತು.

ಸೊಪ್ಪು ಹಾಕಿದರೆ ಮೂಸಲಿಲ್ಲ. ಎರೆಹುಳು ಹಾಕಿದರೆ ತಿರುಗಿ ನೋಡಲಿಲ್ಲ. ದಿನವಿಡೀ ಜಾಲರಿಯ ಗುಂಟ ಅತ್ತಿಂದಿತ್ತ ಅಡ್ಡಾಡುವುದು, ಹಿಂಗಾಲಿನಿಂದ ಸಿಮೆಂಟು ಕೆರೆಯುವುದು. ಕೆರೆದು ಕೆರೆದು ಉಗುರು ಸವೆದಿತ್ತು.

"ನೀರಿನ ದೋಷ," ಎಂದಳು ನಯನ ಫೋನಿನಲ್ಲಿ. "ಪೂರ್ತಿ ಬದಲಾಯ್ಸಿ. ಸ್ಪಂಜು ತೊಳೀರಿ."

"ಆಯ್ತು ಮೇಡಂ."

ಬದಲಾಯಿಸಿದ. ಕರಟ ಮತ್ತೂ ಕೆರೆಯಿತು. ಮತ್ತೆ ಬದಲಾಯಿಸಿ ಅಂದಳು. ಮತ್ತೆ ಆಯ್ತು ಅಂದ. ನಯನ ಪುಸ್ತಕ ತಿರುವಿದಳು, ಕಾಗದದ ಪಟ್ಟಿಗಳನ್ನು ಲೆಕ್ಕವಿಲ್ಲದೆ ಕಳಿಸಿದಳು. ಎಲ್ಲ ತಿಳಿ ಹಸಿರು. ನೀರು ಸರಿಯಾಗಿದೆ. ಹಾಗಾದರೆ ಇನ್ನೇನು...? ಕಣ್ಣ ಮುಂದೆ ಕರಟ ಸಾಯುತ್ತಿದೆಯಾ?

ಶನಿವಾರ ಬೆಳಿಗ್ಗೆಯಿಂದ ಹೇಮಂತ ಫೋನೇ ಎತ್ತಲಿಲ್ಲ.

ಒಂದು ಸಲ. ಎರಡು ಸಲ. ಲೆಕ್ಕ ತಪ್ಪುವಷ್ಟು ಸಲ. ಬರೀ ರಿಂಗಣ. ಮರುದಿನ ಅಪ್ಪ ಅಮ್ಮ ಮನೆ ನೋಡಲು ಹೊರಟಿದ್ದಾರೆ. ಇವನು ಫೋನ್ ಎತ್ತುತ್ತಿಲ್ಲ!

ಕಾಲೇಜು ಮುಗಿದಿದ್ದೇ ನಯನ ಬಸ್ಸು ಹಿಡಿದಳು. ಕಿಟಕಿಯ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಅವನ ನಂಬರನ್ನೇ ಒತ್ತುತ್ತಿದ್ದಳು.

ಯಗಟಿಯಲ್ಲಿ ಇಳಿದಳು. ವೈಂಡಿಂಗ್ ಅಂಗಡಿಯ ಬಾಗಿಲು ಮುಚ್ಚಿತ್ತು.

"ಹೇಮಂತನಾ?" ಗುರುಶಾಂತಮ್ಮ ಈ ಸಲ ನಗಲಿಲ್ಲ. "ಆಗ್ಲೇ ಬಕೆಟ್ ಹಿಡ್ಕಂಡು ಕೆರೆ ಕಡೆ ಓಡ್ದ ಕಣವ್ವ. ಏನಪ್ಪಾ ಅಂತ ಕೂಗುದ್ರೂ ತಿರುಗಿ ನೋಡ್ಲಿಲ್ಲ. ಆಮೆ ಗೀಮೆ ಅಂತ ಏನೋ ಅಂದ."

ಬಕೆಟ್... ಕೆರೆ...

'ಇಲ್ಲ. ಹಾಗೆ ಮಾಡಲ್ಲ. ಮಾತು ಕೊಟ್ಟಿದ್ದಾನೆ.'

ಮನೆಯ ಕಡೆ ಓಡಿದಳು. ಬಾಗಿಲಿಗೆ ಚಿಲಕ. ಗೋಡೆಗೆಲ್ಲ ಹೊಸ ಸುಣ್ಣ, ಅಂಗಳಕ್ಕೆ ಸಗಣಿ ಸಾರಿಸಿತ್ತು. ಹಿತ್ತಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಕೊಳ ಖಾಲಿಯಾಗಿತ್ತು. ಒಳಗೋಡೆ, ಇಳಿಜಾರು, ಚಪ್ಪಡಿ... ಎಲ್ಲದರ ಮೇಲೂ ಬಿಳಿ ಸುಣ್ಣದ ತೇಪೆ. ಬೆರಳಿಂದ ಮುಟ್ಟಿದರೆ ಪುಡಿ ಅಂಟಿತು.

ಆಮೆಗಳಿಲ್ಲ. ಒಂದೂ ಇಲ್ಲ.

ನಾಳೆ ನೆಂಟರು ಬರುತ್ತಾರೆ. ಕಾಯಿಲೆಯ ಆಮೆ ಯಾರಿಗೆ ಬೇಕು? ಯಾರೋ ಬಿಟ್ಟುಬಿಡು ಅಂದಿರಬೇಕು. ಇವನು ಆಯ್ತು ಅಂದಿರಬೇಕು!

ಕೆರೆಯ ಏರಿ ಹತ್ತಿದಳು. ಅದೇ ಜಾಗ. ಅದೇ ಬಕೆಟ್ಟು ದಡದಲ್ಲಿ ಬರಿದಾಗಿ ಉರುಳಿತ್ತು. ಹೇಮಂತ ಮೊಣಕಾಲುದ್ದ ನೀರಿನಲ್ಲಿ ಜೊಂಡು ಸರಿಸುತ್ತ ನಿಂತಿದ್ದ.

"ಬಿಟ್ರಾ?"

ಅವನು ಬೆಚ್ಚಿ ತಿರುಗಿದ. ಕಣ್ಣು ಕೆಂಪಾಗಿದ್ದವು.

"ನಯನ ಮೇಡಂ...! ಇಲ್ಲ... ಕರಟ ತಪ್ಪಿಸ್ಕೊಂಡ್ಬಿಡ್ತು. ನೀರು ಹುಡುಕ್ಕೊಂಡು ಇಲ್ಲಿಗೇ ಬಂದಿರುತ್ತೆ ಅಂತ..."

"ಆ ಜಾಲರಿ ಹತ್ತಿ ಹೋಗೋಕೆ ಸಾಧ್ಯನೇ ಇಲ್ಲ. ನಾನೇ ನಿಂತು ಮಾಡ್ಸಿದ್ದು. ಬಿಲ್ಲೆ ಎಲ್ಲಿ?"

"ಮನೇಲಿ... ಹಂಡೇಲಿದೆ."

"ಹಂಡೇಲಾ? ನಾಳೆ ನೆಂಟ್ರಿಗೆ ಸಾರು ಮಾಡ್ತೀರಾ?"

ಅವನು ಬಗ್ಗಿ ಜೊಂಡಿನ ಬುಡ ತಡವಿದ.

"ಕೊಳಕ್ಕೆ ಸುಣ್ಣ ಯಾರು ಹೊಡೆದಿದ್ದು?"

ಹೇಮಂತ ನೀರಿನ ಕಡೆ ನೋಡುತ್ತ, "ನಂದೇ ತಪ್ಪು," ಅಂದ.

"ಸುಣ್ಣ ಕಣ್ಣು ಸುಡುತ್ತೆ ಅಂತ ಹೇಳಿರ್ಲಿಲ್ವಾ ನಾನು? ಗೊತ್ತಿದ್ದೂ...?" ಅವಳು ಬರಿದಾದ ಬಕೆಟ್ಟಿನ ಕಡೆ ಕೈ ತೋರಿಸಿದಳು. "ಅವತ್ತು ನಾನು ತಡೆದಿದ್ದನ್ನ ಇವತ್ತು ಮಾಡಿ ಮುಗಿಸಿದ್ರಿ. ಅಷ್ಟೇ ಅಲ್ವಾ? ಕೇಳಿ ಹೇಮಂತ್. ನಾಳೆ ಅಪ್ಪಂಗೆ ಬರ್ಬೇಡಿ ಅಂತೀನಿ. ಇದು ಇಲ್ಲಿಗೆ ಮುಗೀತು. ಆಯ್ತಾ?"

ಗಾಳಿಗೆ ಜೊಂಡು ಅಲುಗಿತು. ಅವನು ಅವಳನ್ನೇ ನೋಡಿದ.

"ಇಲ್ಲ," ಅಂದ.

"ಏನು?"

"ಆಗಲ್ಲ ಅಂದೆ. ನೀವು ನಂಬ್ದೇ ಇದ್ರೂ ಪರ್ವಾಗಿಲ್ಲ. ಕರಟ ಸಿಗ್ಬೇಕು. ಆಮೇಲೆ ನಿಮ್ಮ ಹತ್ರ ಮಾತಾಡ್ತೀನಿ. ಮುಗೀತು ಅಂದ್ರೆ ಮಾತ್ರ... ಆಯ್ತು ಅನ್ನೋಕಾಗಲ್ಲ ನಂಗೆ."

ಮತ್ತೆ ಬಗ್ಗಿ ಜೊಂಡು ಸರಿಸತೊಡಗಿದ.

ನಯನ ಏನೂ ತೋಚದೆ ಏರಿ ಇಳಿದಳು. ಕಾಲು ಬಸ್ ನಿಲ್ದಾಣದ ಕಡೆ ಎಳೆಯುತ್ತಿತ್ತು. ಮನಸ್ಸು ಹಿಂದಕ್ಕೆ ಜಗ್ಗುತ್ತಿತ್ತು. 'ಇಲ್ಲ' ಅಂದನಲ್ಲ! ಮೊದಲ ಸಲ...

ದಾರಿಯಲ್ಲಿ ಕರಿಯಮ್ಮ ಎದುರಾದರು. ಕೂದಲು ಕೆದರಿತ್ತು. ಕೈಯಲ್ಲಿ ಕೋಲು. ಬೇಲಿಯ ಬುಡ ಬುಡ ತಡವಿಕೊಂಡು ಬರುತ್ತಿದ್ದರು.

"ಬಂದ್ಯಾ ಮಗಾ?" ಎಂದವರೇ ಅವಳ ಕೈ ಹಿಡಿದು ಅತ್ತುಬಿಟ್ಟರು. "ನನ್ನಿಂದಾನೇ ಆಗಿದ್ದು ಕಣವ್ವ. ಅವನ್ನ ಬೈಬ್ಯಾಡ."

"ಏನಮ್ಮ? ಏನಾಯ್ತು?"

"ನಾಳೆ ನಿಮ್ಮೋರು ಬತ್ತಾರೆ ಅಂತ ಮನೆಗೆಲ್ಲ ಸುಣ್ಣ ಹೊಡ್ದೆ. ಮಿಕ್ಕಿತ್ತು. ಕುರಿ ತೊಟ್ಟಿಗೆ ವರ್ಸಾ ವರ್ಸಾ ಒಳಗಡೆ ಹೊಡೀತೀವಲ್ಲ, ಪಾಚಿ ಕಟ್ಬಾರ್ದು ಅಂತ... ಹಂಗೇ ಈ ತೊಟ್ಟಿಗೂ ಹೊಡ್ದು, ನೀರು ತುಂಬ್ಸಿ, ಆಮೆ ಬಿಟ್ಟೆ. ಬೆಳ್ಳಗೆ ಮಿಂಚ್ತಿತ್ತು ತಾಯಿ! ನೀನು ನೋಡಿ ಖುಷಿ ಪಡ್ತೀಯ ಅಂದ್ಕಂಡೆ..."

ನಯನ ಕರಿಯಮ್ಮನ ತೋಳು ಹಿಡಿದಳು. "ಹೇಮಂತ್?"

"ಅವ್ನು ತಂತಿ ತರಾಕೆ ಕಡೂರಿಗೆ ಹೋಗಿದ್ದ. ನಿನ್ನೆ ಸಂಜೆ ಬಂದು ನೋಡ್ದೋನೇ ಅಯ್ಯೋ ಅಂತ ತೊಟ್ಟಿಗೆ ಇಳ್ದುಬಿಟ್ಟ. ಎರಡನ್ನೂ ಎತ್ತಿ ಬೋರಿನ ನೀರಾಗೆ ತೊಳ್ದ. ಬಿಲ್ಲೆನ ತಾಮ್ರದ ಹಂಡೆಗೆ... ಇಲ್ಲ ಇಲ್ಲ, ಹಿತ್ತಾಳೆ ಹಂಡೆಗೆ ಬಿಟ್ಟ. ಕರಟನ್ನ ಟಬ್ಬಿಗೆ ಹಾಕಿ ಮಂಕರಿ ಕವುಚ್ದ. ಆಮೇಲಿಂದ ಬರಿಗೈಯಾಗೆ ಸುಣ್ಣ ಉಜ್ತಾ ಕೂತ. ಫೋನು ಮನೆಯಾಗೇ ಬಡ್ಕಂತಿತ್ತು. ಎತ್ತೋ ಅಂದ್ರೆ, 'ನಿಜ ಹೇಳಿದ್ರೆ ನಿನ್ನ ಮೇಲೆ ಕೋಪ ಮಾಡ್ಕಂತಾರೆ, ಸುಳ್ಳು ಹೇಳಾಕೆ ನಂಗಾಗಲ್ಲ' ಅಂದ. ಮಧ್ಯಾಹ್ನ ನೋಡಿದ್ರೆ ಮಂಕರಿ ಉರುಳಿ ಬಿದ್ದೈತೆ. ಕರಟ ಇಲ್ಲ!"

ಇಬ್ಬರೂ ಮನೆಗೆ ಓಡಿದರು. ಬಚ್ಚಲುಮನೆಯಲ್ಲಿ ಹಂಡೆಯೊಳಗೆ ಬಿಲ್ಲೆ ಇತ್ತು. ಕಣ್ಣಿನ ರೆಪ್ಪೆ ಕೊಂಚ ಊದಿತ್ತು. ನಯನ ಎತ್ತಿಕೊಂಡಾಗ ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು. ಕಣ್ಣು ಉಳಿದಿದೆ. ಸೋಮವಾರ ಕಡೂರಿನ ಪಶುವೈದ್ಯರಿಗೆ ತೋರಿಸಬೇಕು.

ಆದರೆ ಕರಟ? ಊಟ ಬಿಟ್ಟ ಜೀವ, ಉರಿಬಿಸಿಲು, ಊರ ನಾಯಿಗಳು, ಹೆದ್ದಾರಿಯ ಲಾರಿಗಳು...

'ಯೋಚಿಸು ನಯನ. ಅಳೋದು ಆಮೇಲೆ. ಯೋಚಿಸು.'

ಹಿತ್ತಲಿಗೆ ಬಂದು ಟಬ್ಬಿನ ಹತ್ತಿರ ಕೂತಳು. ಹತ್ತೇ ಹೆಜ್ಜೆ ಆಚೆ ಕುರಿಗಳ ತೊಟ್ಟಿಯಲ್ಲಿ ನೀರು ತುಂಬಿ ಚೆಲ್ಲುತ್ತಿತ್ತು. ನೀರು ಬೇಕಿದ್ದರೆ ಕರಟ ಅಲ್ಲಿಗೆ ಹೋಗಬೇಕಿತ್ತು. ಹೋಗಿರಲಿಲ್ಲ. ಹಾಗಾದರೆ ಅದಕ್ಕೆ ನೀರು ಬೇಡ!

ಊಟ ಬಿಟ್ಟಿದ್ದು. ಜಾಲರಿಯ ಗುಂಟ ಅಡ್ಡಾಡಿದ್ದು. ಕೆರೆದಿದ್ದು. ಅದೂ ಮುಂಗಾಲಲ್ಲಿ ಅಲ್ಲ... ಹಿಂಗಾಲಲ್ಲಿ!

"ಅಯ್ಯೋ ದೇವರೇ...!" ನಯನ ಹಣೆ ಚಚ್ಚಿಕೊಂಡಳು.

ಆಮೆ ಹಿಂಗಾಲಿನಿಂದ ಅಗೆಯುವುದು ಒಂದೇ ಕೆಲಸಕ್ಕೆ. ಮೊಟ್ಟೆಗೆ! ಮಕ್ಕಳಿಗೆ ತಾನೇ ಹೇಳಿಕೊಟ್ಟ ಪಾಠ. ನೀರಿನ ಆಳ, ಬಿಸಿಲು, ನೆರಳು, ಕಲ್ಲು, ಜಾಲರಿ, ಸೋಸುವ ಡ್ರಮ್ಮು... ಎಲ್ಲವನ್ನೂ ನೆನಪಿಟ್ಟು ಮಾಡಿಸಿದವಳು ಒಂದನ್ನು ಮರೆತಿದ್ದಳು. ಬೊಗಸೆ ಮಣ್ಣು. ಮೊಟ್ಟೆಯಿಡಲು ಒಣ ನೆಲವೇ ಇಲ್ಲದ ಕೊಳ ಕಟ್ಟಿಸಿ, ಅದು ನೆಲ ಕೇಳಿದಾಗಲೆಲ್ಲ ನೀರು ಬದಲಾಯಿಸಿದ್ದಳು!

'ತಪ್ಪು ನಂದು. ಅಮ್ಮಂದಲ್ಲ, ಅವನದಲ್ಲ... ನಂದು.'

"ಅಮ್ಮ! ಇಲ್ಲಿ ಸಡಿಲ ಮಣ್ಣು ಎಲ್ಲಿದೆ? ಬಿಸಿಲು ಬೀಳೋ ಕಡೆ?"

"ಈ ಗಟ್ಟಿ ನೆಲದಾಗೆ ಸಡಿಲ ಮಣ್ಣು ಎಲ್ಲಿ ತರ್ಲಿ ಮಗಾ? ಪಡುವಲ ಕಡೆ ತೆಂಗಿನ ಪಾತಿ ಮೊನ್ನೆ ಅಗೆಸಿದ್ದ ಹೇಮಂತ..."

ನಯನ ಚಪ್ಪಲಿ ಕಳಚಿದಳು. ಸದ್ದಾಗಬಾರದು. ಪಡುವಲ ಕಡೆಯ ಸಾಲಿನಲ್ಲಿ ಒಂದೊಂದೇ ಮರದ ಬುಡ ನೋಡುತ್ತ ನಡೆದಳು. ಮೊದಲನೆಯದು ಖಾಲಿ. ಅದರ ಪಕ್ಕದ್ದೂ ಖಾಲಿ. ಸಾಲು ಮುಗಿಯುತ್ತ ಬಂತು.

ಕೊನೆಯ ಮರದ ಪಾತಿ. ಒಣಗಿದ ಗರಿಯ ಮರೆಯಲ್ಲಿ ಕಪ್ಪು ಚಿಪ್ಪು.

ಕರಟ!

ಜೀವವಿತ್ತು. ಹಿಂಗಾಲು ಅಲುಗುತ್ತಿತ್ತು. ಎಡಗಾಲು ಮಣ್ಣಿಗೆ ಇಳಿಯಿತು, ಒಂದು ಹಿಡಿ ಮೇಲೆ ತಂದಿತು, ಪಕ್ಕಕ್ಕೆ ಸುರಿಯಿತು. ಆಮೇಲೆ ಬಲಗಾಲು. ಮತ್ತೆ ಎಡಗಾಲು. ತನ್ನದೇ ಒಡಲಿನ ನೀರು ಬಿಟ್ಟು ಮಣ್ಣನ್ನು ಮೆದು ಮಾಡಿಕೊಂಡಿತ್ತು. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ನಯನ ಪಕ್ಕದ ಮರದ ಹಿಂದೆ ಕುಸಿದು ಕೂತಳು. ಬಾಯಿಗೆ ದುಪ್ಪಟ್ಟ ಒತ್ತಿಕೊಂಡು ಅತ್ತಳು. ಅಳುವಿನ ಸದ್ದು ಅದಕ್ಕೆ ಕೇಳಬಾರದಲ್ಲ!

ಕರಿಯಮ್ಮ ದೂರದಿಂದಲೇ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಕುರಿಹಟ್ಟಿಯ ನಾಯಿಯನ್ನು ಕಟ್ಟಿಹಾಕಿ, ಮಗನನ್ನು ಕರೆತರಲು ಕೆರೆಯ ಕಡೆ ಹೊರಟರು.

ಸ್ವಲ್ಪ ಹೊತ್ತಿಗೆ ಹೇಮಂತ ಬಂದ. ಒದ್ದೆ ಪ್ಯಾಂಟು, ಕೆಸರು ಕಾಲು. ಕರಟವನ್ನು ಕಂಡವನೇ ಮಾತಾಡಲು ಹೊರಟ. ನಯನ ಬೆರಳು ತುಟಿಗಿಟ್ಟು, ಪಕ್ಕದಲ್ಲಿ ಕೂರುವಂತೆ ಸನ್ನೆ ಮಾಡಿದಳು. ಕೂತ.

ಒಂದು ಬಿಳಿ ಮೊಟ್ಟೆ ಬಿತ್ತು. ಉದ್ದುದ್ದಕ್ಕೆ, ಹೆಬ್ಬೆರಳಿನಷ್ಟು. ಕರಟ ಹಿಂಗಾಲಿನಿಂದ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು. ಇನ್ನೊಂದು.

"ಮೊಟ್ಟೆ...!" ಪಿಸುಗುಟ್ಟಿದ ಹೇಮಂತ. "ಮರಿ ಆಗುತ್ತಾ?"

"ಇಲ್ಲ. ಎರಡೂ ಹೆಣ್ಣು. ಗಂಡು ನೋಡೇ ಇಲ್ಲ ಅವು. ಬರೀ ಖಾಲಿ ಮೊಟ್ಟೆ."

"ಮತ್ಯಾಕೆ ಇಷ್ಟು ಕಷ್ಟ ಪಡ್ತಿದೆ?"

"ಮೊಟ್ಟೆ ಬಂದ್ಮೇಲೆ ಇಡ್ಲೇಬೇಕು. ಮಣ್ಣು ಸಿಗದೇ ಒಳಗೇ ಉಳಿದಿದ್ರೆ..." ಅವಳು ದುಪ್ಪಟ್ಟದಿಂದ ಕಣ್ಣೊರೆಸಿಕೊಂಡಳು. "ಸತ್ತೇ ಹೋಗ್ತಿತ್ತು, ಹೇಮಂತ್. ಇಷ್ಟು ದಿನ ನೆಲ ಕೊಡು ನೆಲ ಕೊಡು ಅಂತ ಕೆರೀತಿತ್ತು. ನಾನು ನೀರು ಬದಲಾಯ್ಸಿ, ನೀರು ಬದಲಾಯ್ಸಿ ಅಂತಿದ್ದೆ. ಅಮ್ಮ ಸುಣ್ಣ ಹೊಡೀದೇ ಇದ್ದಿದ್ರೆ ಅದು ಆ ಜಾಲರಿಯಿಂದ ಆಚೆಗೇ ಬರ್ತಿರ್ಲಿಲ್ಲ."

"ಇದನ್ನ ಅಮ್ಮನ ಮುಂದೆ ಹೇಳಿ. ನಿನ್ನೆಯಿಂದ ಊಟ ಮಾಡಿಲ್ಲ ಅವ್ಳು."

ನಯನ ಅವನ ಕೈ ನೋಡಿದಳು. ಅಂಗೈ ತುಂಬ ಸುಣ್ಣ ಸುಟ್ಟ ಗುಳ್ಳೆ. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು.

"ಯಾಕೆ ನಂದೇ ತಪ್ಪು ಅಂದ್ರಿ?"

"ಅಮ್ಮ ಅಂತ ಹೇಳಿ, ನಾಳೆ ನೀವು ಅವಳ ಮುಖ ನೋಡೋವಾಗ ಅದೇ ನೆನಪಾಗ್ಬಾರ್ದು ಅಂತ."

"ನಾನು ಎಷ್ಟು ಕೆಟ್ಟದಾಗಿ ಮಾತಾಡ್ಬಿಟ್ಟೆ..."

"ಅದೇ ಜಾಗ, ಅದೇ ಬಕೆಟ್ಟು. ನಾನೇ ನೋಡಿದ್ರೂ ಹಂಗೇ ಅಂದ್ಕೊಳ್ತಿದ್ದೆ. ಆದ್ರೆ ಸಾರು ಅಂದಿದ್ದು ಮಾತ್ರ ಜಾಸ್ತಿ ಆಯ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಬಾಯಿ ಮುಚ್ಚಿಕೊಂಡಳು. ಕರಟ ಗುಳಿಯ ಮೇಲೆ ಮಣ್ಣೆಳೆಯಲು ಶುರು ಮಾಡಿತ್ತು.

"ಒಂದು ಕೇಳ್ಲಾ?" ಅವಳ ದನಿ ಇನ್ನೂ ಸಣ್ಣದಾಯಿತು. "ಎಲ್ಲರಿಗೂ ಆಯ್ತು ಅನ್ನೋರು ನೀವು. ನನಗೂ ಹಾಗೇ ಅಂತೀರೇನೋ ಅಂತ ಭಯ ಇತ್ತು. ಇವತ್ತು ಕೆರೆ ಹತ್ರ... ಯಾಕೆ ಇಲ್ಲ ಅಂದ್ರಿ?"

ಹೇಮಂತ ಮಣ್ಣೆಳೆಯುವ ಕರಟದ ಕಾಲನ್ನೇ ನೋಡುತ್ತ ಹೇಳಿದ.

"ಬೇರೆಯೋರು ಕೇಳೋದೆಲ್ಲ ಕೆಲಸ ಮೇಡಂ. ಮಾಡಿದ್ರೆ ಮುಗೀತದೆ. ಅದಕ್ಕೆ ಆಯ್ತು ಅನ್ನೋದು ಸುಲಭ. ನೀವು ಮುಗೀತು, ಆಯ್ತಾ ಅಂದ್ರಲ್ಲ... ಆಗ ಬಾಯಿ ತೆರೆದೆ, ಆ ಮಾತು ಬರ್ಲೇ ಇಲ್ಲ. ಭಾನುವಾರ ಬಸ್ಸಿನ ಹಾರ್ನ್ ಕೇಳಿದ್ರೆ ಕೈಯಲ್ಲಿರೋ ತಂತಿ ಸುತ್ತು ತಪ್ಪುತ್ತೆ ನಂಗೆ. ಆಮೆ ನೋಡೋಕೆ ಬರ್ತೀರೋ, ನನ್ನ ನೋಡೋಕೋ ಅಂತ ಯೋಚ್ನೆ ಮಾಡಿ ಮಾಡಿ ಎಷ್ಟು ಮೋಟಾರು ಎರಡೆರಡು ಸಲ ಸುತ್ತಿದೀನೋ..."

ಅವನು ತಿರುಗಿದ. ಕಣ್ಣಿಗೆ ಕಣ್ಣು ಕೊಟ್ಟು ನೋಡಿದ.

"ಅಮ್ಮ ನಿಮ್ಮಪ್ಪನ್ನ ಕೇಳಿದ್ಲು. ನಾಳೆ ನಿಮ್ಮಪ್ಪ ನನ್ನ ಕೇಳ್ತಾರೆ. ನಿಮ್ಮನ್ನ ಮಾತ್ರ ನಾನು ಕೇಳೇ ಇಲ್ಲ. ನಂಗೆ ನೀವು ಬೇಕು. ನನ್ನ ಮದ್ವೆ ಆಗ್ತೀರಾ, ನಯನ?"

ಅವಳೊಳಗೆ ಸಾವಿರ ಮಾತು ನುಗ್ಗಿಬಂದವು. ಪ್ರಶ್ನೆಗಳು, ಷರತ್ತುಗಳು, ಹಾಗಾದರೆ, ಹೀಗಾದರೆ... ಎಲ್ಲವನ್ನೂ ಅಳೆದು ನೋಡಿಯೇ ಹೆಜ್ಜೆಯಿಡುವ ಹುಡುಗಿ. ಆದರೆ ಎದುರಿಗೆ ಕರಟ ಹಿಂತಿರುಗಿ ನೋಡದೆ ಮಣ್ಣು ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡುತ್ತಿತ್ತು.

"ಆಯ್ತು," ಅಂದಳು ನಯನ.

ಅವನು ನಂಬಲಾರದವನಂತೆ ನೋಡಿದ. "ಅಷ್ಟೇನಾ? ಅದು ಬೇಕು, ಇದು ಬೇಕು ಅಂತ ಏನೂ ಇಲ್ವಾ?"

"ಇದೆ. ಕೊಳದ ಪಕ್ಕ ಒಂದು ಗಾಡಿ ಮರಳು ಬೇಕು. ಬಿಸಿಲು ಬೀಳೋ ಕಡೆ. ನಾಳೆ ಅಪ್ಪ ಬರೋಷ್ಟ್ರಲ್ಲಿ."

"ನಾಳೆನಾ...! ಆಗಲ್ಲ ರೀ, ಕೈ ನೋಡಿ ಹೆಂಗಾಗಿದೆ."

"ಅಬ್ಬಾ, ಇಲ್ಲ ಅನ್ನೋದು ಚೆನ್ನಾಗೇ ಕಲಿತ್ರಿ!" ಎಂದು ಅವನ ಅಂಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. ಗುಳ್ಳೆಗೆ ನೋವಾಗದ ಹಾಗೆ, ತುಂಬ ಮೆಲ್ಲಗೆ. "ಮರಳು ನಾ ಹೊರ್ತೀನಿ. ನೀವು ಎಲ್ಲಿ ಹಾಕ್ಬೇಕು ಅಂತ ಹೇಳಿ ಸಾಕು."

ಕೆಲಸ ಮುಗಿಸಿದ ಕರಟ ಪಾತಿಯಿಂದ ನಿಧಾನ ಮೇಲೆ ಬಂತು. ನಯನ ಅದನ್ನು ಎತ್ತಿಕೊಳ್ಳಲು ಎದ್ದಳು.

"ಒಂದ್ನಿಮಿಷ, ಅಲ್ಲೇ ನಿಂತ್ಕೊಳ್ಳಿ," ಎಂದ ಹೇಮಂತ. ಹಿತ್ತಲಿಗೆ ಹೋಗಿ, ಟಬ್ಬಿನ ಪಕ್ಕ ಬಿಟ್ಟಿದ್ದ ಅವಳ ಚಪ್ಪಲಿ ತಂದು ಕಾಲ ಬಳಿ ಇಟ್ಟ. "ಇದನ್ನ ಹಾಕ್ಕೊಳ್ಳಿ ಮೊದ್ಲು. ಈ ಕಡೆಯೆಲ್ಲ ಮುಳ್ಳು."